ಹಳೇ ಕಂಪ್ಯೂಟರ್ ಒಯ್ಯುವ ಎಐ ಆ್ಯಪ್: ತೂಕ ಗೊತ್ತು, ರಿಪೇರಿ ಗೊತ್ತಿಲ್ಲ

ಐದಕ್ಕೆ ಮೂರು ಸ್ಟಾರ್ ಕೊಟ್ಟಿದ್ದೇನೆ. ಮೂರೂವರೆ ಕೊಡುವ ಮನಸ್ಸಿತ್ತು, ಆ್ಯಪ್‌ನಲ್ಲಿ ಅರ್ಧಕ್ಕೆ ಜಾಗ ಇಲ್ಲ.

ಬೆಂಗಳೂರಿನ ವಿಜಯನಗರದಲ್ಲಿ ನನ್ನದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇತ್ತು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಾಡಿಗೆ ಕರಾರು, ಎಲೆಕ್ಷನ್ ಬಂದರೆ ಕರಪತ್ರ. ಈಗ ಅಂಗಡಿ ಬಿಟ್ಟು ಮನೆ ಕೆಳಗಿನ ಸಣ್ಣ ಕೋಣೆಗೆ ಬಂದಿದ್ದೇನೆ. ಖಾಲಿ ಮಾಡುವಾಗ ಅಟ್ಟದ ಮೇಲಿದ್ದದ್ದೆಲ್ಲ ಕೆಳಗೆ ಬಂತು. ಪಿಕ್ಚರ್ ಟ್ಯೂಬಿನ ದಪ್ಪ ಮಾನಿಟರ್ ಮೂರು, ಎಲ್‌ಸಿಡಿ ನಾಲ್ಕು, ಸಿಪಿಯು ಆರು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಒಂದು, ಲೇಸರ್ ಪ್ರಿಂಟರ್ ಎರಡು, ಯುಪಿಎಸ್‌ಗಳು, ಒಂದು ಲ್ಯಾಪ್‌ಟಾಪ್, ಮನೆಯವರ ಹಳೇ ಮೊಬೈಲುಗಳು. ಜೊತೆಗೆ ಕೀಬೋರ್ಡು, ಮೌಸು, ವೈರು ತುಂಬಿದ ಗೋಣಿಚೀಲಗಳು.

ಮಗಳು ಆ್ಯಪ್ ಹಾಕಿಕೊಟ್ಟಳು. "ಅಪ್ಪಾ, ಫೋಟೊ ಹೊಡೆದ್ರೆ ಸಾಕು, ಎಐ ಬೆಲೆ ಕಟ್ಟುತ್ತೆ" ಅಂದಳು. ಕಂಪನಿ ಹೆಸರು ನಾನು ಇಲ್ಲಿ ಬರೆಯುತ್ತಿಲ್ಲ. ನನ್ನ ದೂರುಗಳು ಇದೊಂದೇ ಕಂಪನಿಗೆ ಸೇರಿದವಲ್ಲ, ಈ ಬಗೆಯ ಸೇವೆ ನಡೆಯುವ ರೀತಿಗೇ ಸೇರಿದವು.

ಕೆಲಸ ಹೀಗೆ. ಸಾಮಾನಿನ ಮುಂದೆ ಮೊಬೈಲ್ ಕ್ಯಾಮೆರಾ ಹಿಡಿಯಬೇಕು. ಅದು ಇಂಥದ್ದು ಅಂತ ಗುರುತು ಹಿಡಿದು, ಸ್ಥಿತಿ ನೋಡಿ, ಬೆಲೆ ಹೇಳುತ್ತದೆ. ಒಪ್ಪಿದರೆ ದಿನ, ಹೊತ್ತು ಆರಿಸಬೇಕು. ಮನೆಗೇ ಬಂದು ತೂಗಿ, ಯುಪಿಐನಲ್ಲಿ ದುಡ್ಡು ಹಾಕಿ, ಒಯ್ಯುತ್ತಾರೆ. ಸಾಮಾನು ನೋಂದಣಿ ಇರುವ ರೀಸೈಕ್ಲಿಂಗ್ ಘಟಕ ಸೇರಿದ ಮೇಲೆ ನಮಗೊಂದು ಸರ್ಟಿಫಿಕೇಟ್ ಬರುತ್ತದೆ.

ಮೊಬೈಲ್ ವಿಷಯದಲ್ಲಿ ಕ್ಯಾಮೆರಾ ನಿಜಕ್ಕೂ ಚುರುಕು. ಬೆನ್ನು ಮಾತ್ರ ತೋರಿಸಿದರೂ ಮಾಡೆಲ್ ಹೇಳಿತು. ನನ್ನ ಕಣ್ಣಿಗೆ ಕಾಣದ ಕೂದಲೆಳೆಯಷ್ಟು ಬಿರುಕಿಗೂ ಕೆಂಪು ಗೆರೆ ಎಳೆದು ತೋರಿಸಿತು. ಇದೇನೂ ನಿನ್ನೆ ಮೊನ್ನೆಯ ವಿದ್ಯೆ ಅಲ್ಲ. ಅಮೆರಿಕದ ಮಾಲ್‌ಗಳಲ್ಲಿ ಇಕೋಎಟಿಎಂ ಅನ್ನುವ ಯಂತ್ರಗಳು ಹತ್ತು ವರ್ಷಕ್ಕೂ ಮುಂಚಿನಿಂದ ಇದನ್ನೇ ಮಾಡುತ್ತಿವೆ. ಫೋನ್ ಒಳಗಿಟ್ಟರೆ ಕ್ಯಾಮೆರಾ ನೋಡಿ, ಬೆಲೆ ಹೇಳಿ, ಅಲ್ಲೇ ನೋಟು ಕೊಡುತ್ತವೆ. ಮೊಬೈಲಿಗೆ ಇದು ಒಗ್ಗುತ್ತದೆ. ಒಂದು ಮಾಡೆಲಿನ ಫೋನ್ ಲಕ್ಷಗಟ್ಟಲೆ ಇರುತ್ತವೆ, ಒಳಗೆ ಏನಿದೆ ಅಂತ ಮಾಡೆಲ್ ಹೆಸರೇ ಹೇಳಿಬಿಡುತ್ತದೆ.

ಕಂಪ್ಯೂಟರ್ ವಿಷಯ ಬೇರೆ. ನಮ್ಮಲ್ಲಿ ಅಂಗಡಿಗಳ ಸಿಪಿಯು ಅಂದರೆ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆ ಎಸ್.ಪಿ. ರೋಡಿನಲ್ಲಿ ಜೋಡಿಸಿದ್ದು. ಹೊರಗೆ ಒಂದೇ ಕಪ್ಪು ಡಬ್ಬ, ಒಳಗೆ ಯಾವ ಬೋರ್ಡು, ಯಾವ ಪ್ರೊಸೆಸರ್ ಅಂತ ಜೋಡಿಸಿದವನಿಗೇ ಗೊತ್ತು. ಪರೀಕ್ಷೆ ಮಾಡೋಣ ಅಂತ ಎರಡು ಸಿಪಿಯು ಪಕ್ಕಪಕ್ಕ ಇಟ್ಟೆ. ಒಂದರಲ್ಲಿ ಮದರ್‌ಬೋರ್ಡು, ರ‍್ಯಾಮ್, ಹಾರ್ಡ್ ಡಿಸ್ಕ್ ಎಲ್ಲ ಇತ್ತು. ಇನ್ನೊಂದರ ಒಳಗಿನದ್ದೆಲ್ಲ ನಾನೇ ಯಾವತ್ತೋ ಕಿತ್ತು ಬೇರೆ ಕಡೆ ಬಳಸಿದ್ದೆ, ಉಳಿದದ್ದು ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಒಂದೇ. ಎರಡಕ್ಕೂ ಒಂದೇ ಬೆಲೆ ಬಂತು. ತುಂಬಿದ ಡಬ್ಬದ ಪಕ್ಕದ ತಗಡು ತೆಗೆದು ಮತ್ತೆ ಫೋಟೊ ಹೊಡೆದೆ. "ಹಾನಿಯಾಗಿದೆ" ಅಂತ ಐವತ್ತು ರೂಪಾಯಿ ಕಮ್ಮಿ ಮಾಡಿತು!

ನಮ್ಮ ರಸ್ತೆಗೆ ತಳ್ಳುಗಾಡಿ ತರುವ ಗುಜರಿಯವರನ್ನು ಕರೆದು ಅವೇ ಎರಡನ್ನು ತೋರಿಸಿದೆ. ಅವರು ಗೌರಿಪಾಳ್ಯದ ಕಡೆಯವರು, ಪರಿಚಯ ಹಳೆಯದು. ಖಾಲಿ ಡಬ್ಬವನ್ನು ಒಂದು ಕೈಯಲ್ಲಿ ಎತ್ತಿ ಕೆಳಗಿಟ್ಟರು. "ಇದ್ರಲ್ಲಿ ಏನೂ ಇಲ್ಲ ಅಣ್ಣ" ಅಂದರು. ಇನ್ನೊಂದನ್ನು ಎತ್ತಿ, ಸ್ವಲ್ಪ ಅಲ್ಲಾಡಿಸಿ, ಆ್ಯಪ್ ಹೇಳಿದ್ದಕ್ಕಿಂತ ಜಾಸ್ತಿ ಬೆಲೆ ಹೇಳಿದರು.

ಹಾಗಂತ ಎಲ್ಲವನ್ನೂ ಅವರಿಗೇ ಕೊಟ್ಟುಬಿಡಿ ಅನ್ನಲಾರೆ. ದಪ್ಪ ಮಾನಿಟರ್ ತೋರಿಸಿದಾಗ ಅವರು ಹೇಳಿದ್ದು: "ಅದು ಬೇಡ ಅಣ್ಣ. ಬೇಕಾದ್ರೆ ತಾಮ್ರ ಬಿಚ್ಕೊಂಡು ಹೋಗ್ತೀನಿ, ಗಾಜು ನೀವೇ ಇಟ್ಕೊಳಿ." ಟ್ಯೂಬಿನ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿಗಷ್ಟೇ ಅವರ ಲೆಕ್ಕದಲ್ಲಿ ಬೆಲೆ. ಆ ಗಾಜಿನಲ್ಲಿ ಸೀಸ ಇದೆ. ಎಲ್ಲೋ ಖಾಲಿ ಸೈಟಿನಲ್ಲೋ ರಾಜಕಾಲುವೆಯಲ್ಲೋ ಒಡೆದು ಬಿದ್ದರೆ ಅದು ಮಣ್ಣಿಗೂ ನೀರಿಗೂ ಸೇರುತ್ತದೆ. ವೈರನ್ನು ಸುಟ್ಟು ತಾಮ್ರ ತೆಗೆಯುವುದು, ಬೋರ್ಡನ್ನು ಆ್ಯಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆಯುವುದು ಈ ಕಸುಬಿನ ಇನ್ನೊಂದು ಮುಖ. ಆ ಹೊಗೆ ಮೊದಲು ಹೋಗುವುದು ಆ ಕೆಲಸ ಮಾಡುವವರ ಮನೆ ಮಕ್ಕಳ ಮೂಗಿಗೇ. ಆದರೆ ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಇಷ್ಟು ವರ್ಷ ಈ ಊರಿನ ಎಲೆಕ್ಟ್ರಾನಿಕ್ ಗುಜರಿಯನ್ನು ಮನೆ ಬಾಗಿಲಿನಿಂದ ಎತ್ತಿಕೊಂಡು ಹೋದವರು ಅವರೇ ತಾನೆ?

ಆ್ಯಪ್ ದಪ್ಪ ಮಾನಿಟರ್‌ಗೆ ಸೊನ್ನೆ ರೂಪಾಯಿ ಅಂದಿತು. ಸೊನ್ನೆ ಆದರೂ ಒಯ್ಯುತ್ತೇನೆ ಅಂದಿತು. ನನ್ನ ಮಟ್ಟಿಗೆ ಈ ಸೇವೆಯ ದೊಡ್ಡ ಉಪಕಾರ ಅದೇ. ಅಟ್ಟದಲ್ಲಿ ಇವನ್ನು ಇಟ್ಟುಕೊಂಡು ಕೂತವರು ಇನ್ನೂ ಎಷ್ಟೋ ಜನ ಇದ್ದಾರೆ. ಅವರೆಲ್ಲ ಇದೊಂದಕ್ಕಾದರೂ ಆ್ಯಪ್ ಬಳಸಬಹುದು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಎರಡು ಲೇಸರ್ ಪ್ರಿಂಟರ್‌ಗಳಲ್ಲಿ ಒಂದು ಎಚ್‌ಪಿ 1020. ಜೆರಾಕ್ಸ್ ಅಂಗಡಿ ಇಟ್ಟವರಿಗೆ ಇದರ ಪರಿಚಯ ಹೇಳಬೇಕಿಲ್ಲ. 12ಎ ಕಾರ್ಟ್ರಿಜ್, ಎಲ್ಲಿ ಬೇಕಾದರೂ ಪುಡಿ ತುಂಬಿಸಬಹುದು. ಸಣ್ಣಪುಟ್ಟ ಭಾಗ ಎಲ್ಲ ಸಿಗುತ್ತದೆ. ಸಬ್ ರಿಜಿಸ್ಟ್ರಾರ್ ಆಫೀಸುಗಳ ಎದುರಿನ ಅಂಗಡಿಗಳಲ್ಲಿ ಇವತ್ತಿಗೂ ಅದು ಕಿರ್ರ್ ಅಂತ ಕಾಗದ ಎಳೆಯುತ್ತಿರುತ್ತದೆ. ಆ್ಯಪ್ ಅದರ ಫೋಟೊ ನೋಡಿ "ಹಳೆಯ ಮಾಡೆಲ್, ಮರುಮಾರಾಟ ಮೌಲ್ಯ ಇಲ್ಲ" ಅಂದು, ಕಿಲೋ ಲೆಕ್ಕದಲ್ಲಿ ಪ್ಲಾಸ್ಟಿಕ್ ಬೆಲೆ ಕಟ್ಟಿತು. ಅದಕ್ಕೆ ಇದ್ದ ಕಾಯಿಲೆ ಕಾಗದ ಎಳೆಯುವ ರಬ್ಬರ್ ಸವೆದದ್ದು, ಅಷ್ಟೆ. ರಬ್ಬರ್ ಹಾಕಿಸಿ, ಪರಿಚಯದ ಅಂಗಡಿಯವರಿಗೆ ಕೊಟ್ಟೆ. ಬಂದ ದುಡ್ಡು ಆ್ಯಪ್ ನನ್ನ ಇಡೀ ರಾಶಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ.

ಎಲ್‌ಸಿಡಿ ಮಾನಿಟರ್‌ಗಳದ್ದೂ ಇದೇ ಕಥೆ. ಎರಡರಲ್ಲಿ ದೀಪ ಮಿಣುಕುತ್ತಿತ್ತು, ಪರದೆ ಮೂಡುತ್ತಿರಲಿಲ್ಲ. ಆ ಕಾಲದ ಮಾನಿಟರ್‌ಗಳಲ್ಲಿ ಇದು ಮಾಮೂಲಿ ರೋಗ. ಪವರ್ ಬೋರ್ಡಿನ ಕೆಪಾಸಿಟರ್ ತಲೆ ಉಬ್ಬಿ ಸಾಯುತ್ತದೆ. ಒಂದು ಕೆಪಾಸಿಟರ್ ಬೆಲೆ ಕೆಲವೇ ರೂಪಾಯಿ. ಎಸ್.ಪಿ. ರೋಡಿನ ಮೆಕ್ಯಾನಿಕ್ ಹುಡುಗ ಹಿಂದಿನ ಮುಚ್ಚಳ ತೆಗೆದವನೇ "ಸಾರ್, ಇದನ್ನ ಗುಜರಿಗೆ ಹಾಕ್ತಿದ್ರಾ?" ಅಂತ ನಕ್ಕ. ನಾನು ಟೀ ಕುಡಿದು ಬರುವಷ್ಟರಲ್ಲಿ ಎರಡೂ ಹೊತ್ತಿಕೊಂಡಿದ್ದವು. ಒಂದು ಈಗ ನನ್ನ ಮೇಜಿನ ಮೇಲಿದೆ, ಇದನ್ನು ಟೈಪ್ ಮಾಡುತ್ತಿರುವುದು ಅದರಲ್ಲೇ. ಇನ್ನೊಂದನ್ನು ಪಕ್ಕದ ಮನೆ ಹುಡುಗಿ ಓದಲು ಒಯ್ದಳು.

ಇಷ್ಟು ಬುದ್ಧಿ ಇರುವ ಆ್ಯಪ್ ಒಂದು ಪ್ರಶ್ನೆ ಕೇಳುವುದಿಲ್ಲ: "ಇದಕ್ಕೆ ಏನಾಗಿದೆ?" ದೀಪ ಮಿಣುಕುತ್ತಾ? ಸದ್ದು ಬರುತ್ತಾ? ಕಾಗದ ಸಿಕ್ಕಿಹಾಕಿಕೊಳ್ಳುತ್ತಾ? ಫೋಟೊದಲ್ಲಿ ಬಿರುಕು ಹುಡುಕುವ ಯಂತ್ರಕ್ಕೆ ಇದನ್ನು ಕಲಿಸುವುದು ಅಂಥ ಕಷ್ಟದ ಕೆಲಸ ಅಂತ ನನಗನಿಸುವುದಿಲ್ಲ. ಆ್ಯಪ್‌ನ ಮೊದಲ ಪುಟದಲ್ಲಿ ಹಸಿರು ಬಾಣಗಳ ಚಕ್ರ ಬಿಡಿಸಿ "ವೃತ್ತಾಕಾರದ ಆರ್ಥಿಕತೆ" ಅಂತ ದೊಡ್ಡದಾಗಿ ಬರೆದುಕೊಂಡಿದ್ದಾರೆ. ವಸ್ತು ಬಳಕೆಯಲ್ಲೇ ಸುತ್ತುತ್ತಿರಬೇಕು ಅನ್ನುವುದು ಅದರ ಮೊದಲ ಪಾಠ. ರಿಪೇರಿ ಮೊದಲು, ಮರುಬಳಕೆ ಆಮೇಲೆ, ಪುಡಿ ಮಾಡುವುದು ಕೊನೆಗೆ. ಇವರು ನೇರ ಕೊನೆಯ ಮೆಟ್ಟಿಲಿಗೆ ಹೋಗುತ್ತಾರೆ.

ಹಾರ್ಡ್ ಡಿಸ್ಕ್ ವಿಷಯ ಜೆರಾಕ್ಸ್ ಅಂಗಡಿಯವರು ಗಮನ ಕೊಟ್ಟು ಓದಬೇಕು. ನಮ್ಮ ಡಿಸ್ಕ್‌ಗಳಲ್ಲಿ ನಮ್ಮದೇನೂ ಇರುವುದಿಲ್ಲ, ಊರವರದ್ದೇ ಎಲ್ಲ. ಆಧಾರ್, ಮಾರ್ಕ್ಸ್ ಕಾರ್ಡು, ಕ್ರಯಪತ್ರ, ಪಾಸ್‌ಪೋರ್ಟಿನ ಸ್ಕ್ಯಾನು. ಸುಮ್ನೆ ಫಾರ್ಮ್ಯಾಟ್ ಹೊಡೆದರೆ ಅದು ಅಳಿಸಿಹೋಗುವುದಿಲ್ಲ, ಹಳೇ ಫೈಲು ಹೊರತೆಗೆಯುವ ತಂತ್ರಾಂಶ ಯಾರಿಗೆ ಬೇಕಾದರೂ ಸಿಗುತ್ತದೆ. ಆ್ಯಪ್‌ನಲ್ಲಿ ಡೇಟಾ ನಾಶದ ಆಯ್ಕೆ ಇದೆ, ಆದರೆ ಎಲ್ಲ ಒಪ್ಪಿ ಮುಗಿದ ಮೇಲೆ ಕೊನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ. ನಾನು ಅದನ್ನು ಆರಿಸಿದ್ದೆ. ಬಂದ ಸರ್ಟಿಫಿಕೇಟ್‌ನಲ್ಲಿ ಒಂದು ಡಿಸ್ಕಿನ ಸೀರಿಯಲ್ ನಂಬರ್ ಬಿಟ್ಟುಹೋಗಿತ್ತು. ದೂರು ಹೇಳಲು ಸಿಗುವುದು ಚಾಟ್‌ಬಾಟ್ ಮಾತ್ರ. ಕನ್ನಡ ಬರುತ್ತದೆ ಅದಕ್ಕೆ. ನಾನು ಏನೇ ಕೇಳಿದರೂ "ಭೂಮಿಯನ್ನು ಉಳಿಸುವ ನಿಮ್ಮ ಕಾಳಜಿಗೆ ವಂದನೆಗಳು" ಅನ್ನುತ್ತಿತ್ತು. ಕೊನೆಗೆ ಸಾಮಾನು ಒಯ್ದ ಹುಡುಗನ ನಂಬರಿಗೆ ಫೋನ್ ಮಾಡಿದ ಮೇಲೆಯೇ ಸರಿಯಾದ ಸರ್ಟಿಫಿಕೇಟ್ ಬಂದದ್ದು.

ಆ ಹುಡುಗರ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಇಬ್ಬರು ಹೇಳಿದ ಹೊತ್ತಿಗೇ ಲಗೇಜ್ ಆಟೋದಲ್ಲಿ ಬಂದರು. ತಕ್ಕಡಿಯ ಅಂಕಿ ನಮಗೆ ಕಾಣುವ ಹಾಗೆ ತಿರುಗಿಸಿ ಇಟ್ಟರು. ನನ್ನ ಹೆಂಡತಿಯ ಹಳೇ ಮೊಬೈಲಿನ ಬ್ಯಾಟರಿ ಉಬ್ಬಿತ್ತು. ಅದನ್ನು ಕಂಡ ತಕ್ಷಣ ಬೇರೆ ಮಾಡಿ, ಮರಳು ಹಾಕಿದ ತಗಡಿನ ಡಬ್ಬಕ್ಕೆ ಇಳಿಸಿದರು. ಆ್ಯಪ್ ಅದರ ಮೇಲೆ "ಸ್ಥಿತಿ: ಉತ್ತಮ" ಅಂತ ಬರೆದಿತ್ತು, ಮುಂದಿನ ಗಾಜು ಒಡೆದಿರಲಿಲ್ಲವಲ್ಲ! ಯುಪಿಎಸ್‌ಗಳ ಒಳಗಿನ ಸೀಸದ ಬ್ಯಾಟರಿಗೆ 2022ರ ಬ್ಯಾಟರಿ ನಿಯಮಗಳು ಅಂತಲೇ ಬೇರೆ ಕಾನೂನಿದೆ. "ಅದನ್ನ ಬ್ಯಾಟರಿ ಅಂಗಡಿಗೇ ಕೊಡಿ ಸರ್, ಹೊಸದಕ್ಕೆ ರೇಟು ಬಿಡ್ತಾರೆ" ಅಂತ ಅವರೇ ಹೇಳಿಕೊಟ್ಟರು. ಅವರ ಕಂಪನಿಗೆ ಇದರಿಂದ ನಷ್ಟವೇ.

ಜಾಸ್ತಿ ಸಾಮಾನು ಕೊಟ್ಟವರಿಗೆ ಘಟಕ ನೋಡಲು ಬಿಡುತ್ತಾರೆ. ಬೆಂಗಳೂರಿನ ಹೊರಗೆ, ಒಂದು ಕೈಗಾರಿಕಾ ಪ್ರದೇಶದಲ್ಲಿದೆ. ನಾನು ಹೋಗಿ ಬಂದೆ. ಆ ಮೂರು ಸ್ಟಾರ್‌ನಲ್ಲಿ ಒಂದು ಪೂರ್ತಿ ಅಲ್ಲಿ ಕಂಡದ್ದಕ್ಕೆ.

ಮನೆ ಬಾಗಿಲಲ್ಲಿ ಪೆದ್ದಾಗಿದ್ದ ಎಐ ಇಲ್ಲಿ ಜಾಣ. ಬೆಲ್ಟಿನ ಮೇಲೆ ಸಾಮಾನು ಸಾಗುತ್ತದೆ. ಮೊದಲು ಒಂದು ಎಕ್ಸ್‌ರೇ. ಅದರ ಕೆಲಸ ಒಳಗೆ ಅಡಗಿರುವ ಲಿಥಿಯಂ ಬ್ಯಾಟರಿ ಹುಡುಕುವುದು. ಒಂದು ಬ್ಯಾಟರಿ ತಪ್ಪಿಸಿಕೊಂಡು ಪುಡಿ ಮಾಡುವ ಯಂತ್ರಕ್ಕೆ ಬಿದ್ದರೆ ಬೆಂಕಿ, ಪ್ರಪಂಚದ ಎಲ್ಲ ಕಡೆ ಇಂಥ ಘಟಕಗಳಿಗೆ ಇದೇ ದೊಡ್ಡ ಭಯ. ನಾವಿದ್ದಾಗಲೇ ಒಂದು ಆಟಿಕೆ ಕಾರಿಗೆ ಬೆಲ್ಟ್ ಗಕ್ಕನೆ ನಿಂತಿತು. ಒಳಗೆ ನಿಜವಾಗಲೂ ಪುಟ್ಟದೊಂದು ಬ್ಯಾಟರಿ ಇತ್ತು.

ಅದರಿಂದ ಮುಂದೆ ಬೋರ್ಡು ಬೇರೆ ಮಾಡುವ ಜಾಗ. ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಗಾಳಿಯಿಂದ ಹೀರಿ ಎತ್ತುವ ಕೈ. ಚಿನ್ನದ ಲೇಪ ಇರುವ ರ‍್ಯಾಮ್ ಒಂದು ಬುಟ್ಟಿಗೆ, ಮದರ್‌ಬೋರ್ಡು ಇನ್ನೊಂದಕ್ಕೆ, ಎಸ್‌ಎಂಪಿಎಸ್ಸಿನ ಕಂದು ಬೋರ್ಡು ಮತ್ತೊಂದಕ್ಕೆ. ಇವೆಲ್ಲ ಬೆರೆತುಹೋದರೆ ಒಳ್ಳೆ ಬೋರ್ಡಿಗೂ ಕೆಟ್ಟ ಬೋರ್ಡಿನ ಬೆಲೆ ಬರುತ್ತದೆ. ಒಂದು ಟನ್ ಹಳೇ ಮೊಬೈಲಿನಲ್ಲಿ ಸುಮಾರು 300 ಗ್ರಾಂ ಚಿನ್ನ ಇರುತ್ತದೆ. ನಮ್ಮ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ. ಕೋಲಾರದ ಗಣಿಯನ್ನಂತೂ ಖರ್ಚು ಗಿಟ್ಟದೆ 2001ರಲ್ಲಿ ಮುಚ್ಚಿದರು. ಟೋಕಿಯೊ ಒಲಿಂಪಿಕ್ಸ್‌ನ ಪದಕಗಳನ್ನು ಜಪಾನಿನವರು ಹಳೇ ಮೊಬೈಲು, ಸಣ್ಣ ಯಂತ್ರಗಳಿಂದಲೇ ಮಾಡಿದ್ದರು. ಸುಮಾರು 79 ಸಾವಿರ ಟನ್ ಸಾಮಾನಿನಿಂದ 32 ಕಿಲೋ ಚಿನ್ನ ತೆಗೆದರು.

ಕಪ್ಪು ಪ್ಲಾಸ್ಟಿಕ್ ಬಗ್ಗೆ ಅಲ್ಲಿನ ಸೂಪರ್‌ವೈಸರ್ ಹೇಳಿದ್ದು ನನಗೆ ಹೊಸದು. ಪ್ಲಾಸ್ಟಿಕ್ ಯಾವ ಜಾತಿ ಅಂತ ಸಾಮಾನ್ಯವಾಗಿ ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಬಿಟ್ಟು ಪತ್ತೆ ಮಾಡುತ್ತಾರೆ. ಕಪ್ಪು ಬಣ್ಣಕ್ಕೆ ಬೆರೆಸಿದ ಮಸಿ ಆ ಬೆಳಕನ್ನು ನುಂಗಿಬಿಡುತ್ತದೆ, ಯಂತ್ರಕ್ಕೆ ಏನೂ ಕಾಣುವುದಿಲ್ಲ. ನಮ್ಮ ಕಂಪ್ಯೂಟರ್ ಸಾಮಾನು ಬಹುಪಾಲು ಕಪ್ಪೇ ಅಲ್ವಾ? ಅದರಲ್ಲಿ ಬೆಂಕಿ ಹತ್ತದಿರಲಿ ಅಂತ ಬ್ರೋಮಿನ್ ಸೇರಿಸಿದ ಪ್ಲಾಸ್ಟಿಕ್ಕೂ ಇರುತ್ತದೆ. ಅದು ಬೇರೆ ಪ್ಲಾಸ್ಟಿಕ್ ಜೊತೆ ಬೆರೆತು ಇನ್ಯಾವುದೋ ಆಟಿಕೆ, ಚಮಚ ಆಗಬಾರದು. ಹಾಗಾಗಿ ಅಲ್ಲಿ ಇನ್ನೊಂದು ಬಗೆಯ ಎಕ್ಸ್‌ರೇ ಇಟ್ಟಿದ್ದಾರೆ.

ಇಷ್ಟೆಲ್ಲ ಇದ್ದರೂ ಬಿಚ್ಚುವ ಕೆಲಸ ಮಾತ್ರ ಕೈಯಲ್ಲೇ. ಉದ್ದ ಮೇಜಿನ ಎರಡೂ ಕಡೆ ಹೆಂಗಸರು ಕರೆಂಟಿನ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು. ಕೈಗವಸು, ಮಾಸ್ಕ್ ಎಲ್ಲ ಇತ್ತು, ಅದನ್ನು ಬೇಕಂತಲೇ ಗಮನಿಸಿದೆ. "ಅಕ್ಕ, ಇದನ್ನೂ ಮಿಷನ್ನೇ ಮಾಡಬಹುದಲ್ವಾ?" ಅಂತ ಒಬ್ಬರನ್ನು ಕೇಳಿದೆ. "ಅದಕ್ಕೆ ಸ್ಕ್ರೂ ಎಲ್ಲಿದೆ ಅಂತ ಗೊತ್ತಾಗಲ್ಲ ಸರ್. ಸ್ಟಿಕ್ಕರ್ ಕೆಳಗೆ ಒಂದು ಇರುತ್ತೆ" ಅಂದರು. ಆ್ಯಪಲ್ ಕಂಪನಿಯ ಡೈಸಿ ಅನ್ನುವ ರೋಬೋ ಗಂಟೆಗೆ 200 ಐಫೋನ್ ಬಿಚ್ಚುತ್ತದೆ. ಅದಕ್ಕೆ ಹೋಗುವುದು ಐಫೋನ್ ಮಾತ್ರ, ಸ್ಕ್ರೂ ಎಲ್ಲಿದೆ ಅಂತ ಮಾಡಿದವರಿಗೇ ಗೊತ್ತು. ಇಲ್ಲಿನ ಮೇಜಿಗೆ ಮಿಕ್ಸಿ ಆದ ಮೇಲೆ ಮೋಡೆಮ್, ಆಮೇಲೆ ಗೀಸರ್ ಬೋರ್ಡು ಬರುತ್ತಿತ್ತು. ಆ ಅಕ್ಕನ ಕೈಯಲ್ಲಿ ಇರುವ ತಿಳಿವಳಿಕೆಯನ್ನು ಇವರು ಆ್ಯಪ್‌ಗೆ ಕಲಿಸಿದ್ದರೆ ನನ್ನ 1020 ಕಿಲೋ ಲೆಕ್ಕಕ್ಕೆ ಬೀಳುತ್ತಿರಲಿಲ್ಲ.

ಯಾಕೆ ಕಲಿಸಿಲ್ಲ? ಸೂಪರ್‌ವೈಸರ್ ಜೊತೆ ಮಾತಾಡಿದ ಮೇಲೆ ಕಾರಣ ಆ್ಯಪ್‌ನಲ್ಲಿಲ್ಲ, ಲೆಕ್ಕಪತ್ರದಲ್ಲಿದೆ ಅನಿಸಿತು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ, ಎಲೆಕ್ಟ್ರಾನಿಕ್ ಸಾಮಾನು ತಯಾರಿಸುವ ಕಂಪನಿಗಳು ತಮ್ಮ ಪಾಲಿನ ಗುಜರಿ ರೀಸೈಕಲ್ ಆಗಿದೆ ಅಂತ ಲೆಕ್ಕ ತೋರಿಸಬೇಕು. ಮೊದಲ ಎರಡು ವರ್ಷಕ್ಕೆ ಗುರಿ ಶೇ. 60, ಆಮೇಲಿನ ಎರಡು ವರ್ಷಕ್ಕೆ 70, ಅದಾದ ಮೇಲೆ 80. ಹಿಂದೆ 21 ಬಗೆಯ ಸಾಮಾನು ಪಟ್ಟಿಯಲ್ಲಿತ್ತು, ಈಗ 106. ಕಂಪನಿಗಳು ಈ ಲೆಕ್ಕಕ್ಕೆ ರೀಸೈಕ್ಲಿಂಗ್ ಘಟಕಗಳಿಂದ ಸರ್ಟಿಫಿಕೇಟ್ ಕೊಳ್ಳುತ್ತವೆ, ನಮಗೆ ಬರುವ ಸರ್ಟಿಫಿಕೇಟ್ ಬೇರೆ, ಇದು ಬೇರೆ. ಆ ಸರ್ಟಿಫಿಕೇಟ್ ಹುಟ್ಟುವುದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಎಷ್ಟು ಬಂತು ಅನ್ನುವುದರ ಮೇಲೆ. ಅಂದರೆ ಪುಡಿ ಮಾಡಿದರೆ ಲೆಕ್ಕಕ್ಕೆ ಬರುತ್ತದೆ. ಹಾರ್ಡ್ ಡಿಸ್ಕಿನ ಒಳಗಿನ ಅಪರೂಪದ ಲೋಹದ ಅಯಸ್ಕಾಂತಕ್ಕೂ ಅಲ್ಲಿ ಲೆಕ್ಕ ಇಲ್ಲ. ರಿಪೇರಿ ಮಾಡಿ ಬಳಕೆಗೆ ಬಿಡುವವರಿಗೂ ಒಂದು ಸರ್ಟಿಫಿಕೇಟ್ ಇದೆ, ಆದರೆ ಅದು ಕಂಪನಿಯ ಹೊಣೆಯನ್ನು ಮುಂದಕ್ಕೆ ಹಾಕುತ್ತದೆ ಅಷ್ಟೆ, ತೀರಿಸುವುದಿಲ್ಲ. ಮನೆಬಳಕೆಯ ಎಲೆಕ್ಟ್ರಾನಿಕ್ ಸಾಮಾನು ರೀಸೈಕಲ್ ಮಾಡುವವರಿಗೆ ಕಿಲೋಗೆ ಕನಿಷ್ಠ 22 ರೂಪಾಯಿ ಸಿಗಬೇಕು ಅಂತ ಸರ್ಕಾರ 2024ರಲ್ಲಿ ಹೇಳಿದ್ದಕ್ಕೆ ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದವು. ಜಗಳವೂ ಕಿಲೋ ಲೆಕ್ಕದಲ್ಲೇ. ಹೀಗಿರುವಾಗ ಆ್ಯಪ್ ಬೇರೆ ಏನು ನೋಡೀತು?

ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾದ ದಾರಿಯಲ್ಲಿ ರೀಸೈಕಲ್ ಆದದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ಆದ್ದರಿಂದ ಈ ಸೇವೆ ಬೇಡ ಅಂತ ನಾನು ಹೇಳುತ್ತಿಲ್ಲ. ದಪ್ಪ ಮಾನಿಟರ್, ಉಬ್ಬಿದ ಬ್ಯಾಟರಿ, ಟ್ಯೂಬ್‌ಲೈಟು, ಖಾಲಿ ಕಾರ್ಟ್ರಿಜ್, ವೈರಿನ ಗೋಣಿಚೀಲ, ಮನೆಯಲ್ಲಿ ಕೊಳೆಯುವ ಚಾರ್ಜರ್‌ಗಳು ಇವೆಲ್ಲ ಕಣ್ಣು ಮುಚ್ಚಿ ಕೊಡಿ. ಮೊಬೈಲ್ ಆದರೆ ಎರಡು ಕಡೆ ಬೆಲೆ ಕೇಳಿ ಕೊಡಿ. ಆನ್ ಆಗುವ ಯಾವುದನ್ನೂ, ದೀಪ ಮಿಣುಕುವ ಯಾವುದನ್ನೂ ಮೊದಲು ನಿಮ್ಮ ಏರಿಯಾದ ಮೆಕ್ಯಾನಿಕ್‌ಗೆ ತೋರಿಸದೆ ಕೊಡಬೇಡಿ. ಪ್ರಿಂಟರ್ ಕೊಡುವ ಮುಂಚೆ ಯಾವುದಾದರೂ ಜೆರಾಕ್ಸ್ ಅಂಗಡಿಯವರನ್ನು ಕೇಳಿ.

ಹಾರ್ಡ್ ಡಿಸ್ಕ್ ನೀವೇ ಬಿಚ್ಚಿ, ಸೀರಿಯಲ್ ನಂಬರ್ ಬರೆದಿಟ್ಟುಕೊಂಡು, ನಿಮ್ಮ ಕಣ್ಣೆದುರೇ ಡ್ರಿಲ್ ಹೊಡೆಸಿ. ನಾನಂತೂ ಮುಂದಿನ ಸಲ ಹಾಗೇ ಮಾಡುವುದು. ಹುಡುಗರು ಬೇಡ ಅನ್ನುವುದಿಲ್ಲ, ಕೇಳಿದರೆ ಡ್ರಿಲ್ಲನ್ನೂ ತರುತ್ತಾರೆ. ಅಪಾರ್ಟ್‌ಮೆಂಟಿನವರು ಎಲ್ಲರ ಸಾಮಾನು ಒಟ್ಟು ಮಾಡಿ ಕರೆದರೆ ಒಳ್ಳೆಯದು, ಘಟಕ ನೋಡುವ ಅವಕಾಶವೂ ಸಿಗುತ್ತದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಮರೆತಿದ್ದೆ. ಸರ್ಟಿಫಿಕೇಟ್ ಜೊತೆ ನನಗೊಂದು ಕೂಪನ್ ಬಂದಿದೆ, ಹೊಸ ಲ್ಯಾಪ್‌ಟಾಪ್ ಕೊಂಡರೆ ಸಾವಿರ ರೂಪಾಯಿ ಕಮ್ಮಿ ಅಂತೆ. ನನಗೆ ಬೇಡ. ಬೇಕಾದವರು ಕೇಳಿದರೆ ಕೋಡ್ ಕಳಿಸುತ್ತೇನೆ.